ಕೆಲಸವಿಲ್ಲದ ಬಯಲು

ಬೇಸಿಗೆ ರಜೆಯ ಬಗ್ಗೆ ಕನ್ನಡದಲ್ಲಿ ಬಂದಿರುವ ನೆನಪಿನ ಬರಹಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಹೆಚ್ಚಿನವು ಒಂದೇ ದಿಕ್ಕಿನಲ್ಲಿ ಪ್ರಯಾಣ ಮಾಡುತ್ತವೆ. ಪಟ್ಟಣದ ಮಕ್ಕಳು ಅಜ್ಜನ ಮನೆಗೆ ಬರುತ್ತಾರೆ, ಮರ ಹತ್ತುತ್ತಾರೆ, ಹೊಳೆಗೆ ಬೀಳುತ್ತಾರೆ, ಮೇ ತಿಂಗಳ ಕೊನೆಗೆ ಉಪ್ಪಿನಕಾಯಿ ಡಬ್ಬಿ ಹಿಡಿದು ಅಳುತ್ತ ವಾಪಸಾಗುತ್ತಾರೆ. ಇದಕ್ಕೆ ಎದುರು ದಿಕ್ಕಿನ ಪ್ರಯಾಣವೂ ಒಂದಿತ್ತು. ಚಂದ್ರಗುತ್ತಿ, ಸೊರಬ, ಶಿಕಾರಿಪುರದ ಕಡೆಯ ಎಷ್ಟೋ ಮನೆಗಳಲ್ಲಿ ಏಪ್ರಿಲ್ 10ರಂದು ಶಾಲೆಯಲ್ಲಿ ಪಾಸು-ಫೇಲು ಓದಿ ಮುಗಿದ ಮೇಲೆ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪನೋ ಸೋದರಮಾವನೋ ಕರೆದರೆ, ನಾಲ್ಕು ದಿನದ ಮಟ್ಟಿಗೆ ರಾಜಧಾನಿಗೆ ಹೋಗಿಬರುವುದಿತ್ತು. ಆ ನಾಲ್ಕು ದಿನಗಳ ನೆನಪನ್ನು ಯಾರೂ ಅಷ್ಟು ಹಚ್ಚಿಕೊಂಡು ಬರೆಯುವುದಿಲ್ಲ. ಮಲೆನಾಡಿನವನು ಬೆಂಗಳೂರಿನ ಮರದ ನೆರಳನ್ನು ಹೊಗಳಿದರೆ ಕೇಳಿದವರು ನಕ್ಕಾರು ಎಂಬ ಸಂಕೋಚ ಇದ್ದೀತು. ಕಾಡಿನ ನಡುವೆ ಇರುವವನಿಗೆ ಪಾರ್ಕು ಯಾಕೆ ಎಂಬ ಪ್ರಶ್ನೆ ಹಾಗೆ ನೋಡಿದರೆ ನ್ಯಾಯವಾದದ್ದೇ. ಆದರೆ ನಮ್ಮ ಸೀಮೆಯ ಬೇಸಿಗೆಯನ್ನು ಅದು ಇದ್ದ ಹಾಗೆ ನೆನಪಿಸಿಕೊಂಡರೆ ಉತ್ತರ ಬೇರೆಯೇ ಬರುತ್ತದೆ. ಬಯಲಿನಲ್ಲಿ ಸುಮ್ಮನೆ ಇರುವ ಸುಖ ನಮ್ಮವರಿಗೆ ಮೊದಲು ಸಿಕ್ಕಿದ್ದು ಊರಿನ ಬಯಲಿನಲ್ಲಲ್ಲ, ಲಾಲ್‌ಬಾಗಿನಲ್ಲಿ, ಕಬ್ಬನ್ ಪಾರ್ಕಿನಲ್ಲಿ ಎಂಬುದು ನನ್ನ ವಾದ.

ಊರಿನಲ್ಲಿ ಬೇಸಿಗೆಯೆಂದರೆ ಮಳೆಗಾಲದ ತಯಾರಿ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡದ ಕಡೆಯಲ್ಲಿ ಒಣಗಬೇಕಾದದ್ದೆಲ್ಲ ಮೇ ಮುಗಿಯುವುದರೊಳಗೆ ಒಣಗಿ ಮನೆಯೊಳಗೆ ಸೇರಬೇಕು. ಕೊಟ್ಟಿಗೆಗೆ ಹಾಸುವ ದರಕು ಗುಡಿಸಿ ತರಬೇಕು, ಸೌದೆ ಒಡೆದು ಒಟ್ಟಬೇಕು, ಗೊಬ್ಬರ ಗದ್ದೆಗೆ ಹೊರಬೇಕು, ಅಡಿಕೆ ತೋಟವಿದ್ದವರು ನೀರು ಕಟ್ಟಬೇಕು, ಸೋರುವ ಮಾಡಿನ ಹೆಂಚು ತಿರುವಿ ಹಾಕಬೇಕು. ಇನ್ನು ಹೆಂಗಸರ ಬೇಸಿಗೆ ಅಂಗಳದಲ್ಲೇ ಕರಗಿಹೋಗುತ್ತಿತ್ತು. ಹಲಸಿನ ಹಪ್ಪಳವೊಂದನ್ನೇ ತೆಗೆದುಕೊಳ್ಳಿ. ಬೆಳೆದ ಕಾಯಿ ಇಳಿಸಿ, ಕೈಗೆ ಎಣ್ಣೆ ಹಚ್ಚಿಕೊಂಡು, ಮೇಣ ಒರೆಸಿ, ತೊಳೆ ಬಿಡಿಸಿ, ಬೇಯಿಸಿ, ಒರಳಿನಲ್ಲಿ ಕುಟ್ಟಿ, ಖಾರ-ಉಪ್ಪು ಸೇರಿಸಿ, ಉಂಡೆ ಮಾಡಿ, ಎರಡು ಎಲೆಗಳ ನಡುವೆ ಒತ್ತಿ, ಒಂದೊಂದನ್ನೇ ಚಾಪೆಗೆ ಬಡಿದು ಹರಡಬೇಕು. ಬಿಸಿಲು ಏರುವ ಮೊದಲೇ ಚಾಪೆ ತುಂಬಬೇಕಾದ್ದರಿಂದ ಕೆಲಸ ಶುರುವಾಗುವುದು ನಸುಕಿನಲ್ಲಿ. ಆಮೇಲೆ ಕಾಗೆ, ಕೋಳಿ, ದನ ಕಾಯಲು ಒಂದು ಕೋಲು ಹಿಡಿದು ಮಗುವೊಂದು ಜಗುಲಿಯಲ್ಲಿ ಕೂರಬೇಕು. ಮಧ್ಯಾಹ್ನ ಮಗುಚಿ ಹಾಕಬೇಕು. ನಾಲ್ಕು ಗಂಟೆಗೆ ಎಲ್ಲೋ ಗುಡುಗಿದ ಸದ್ದಾದರೆ ಮನೆಮಂದಿಯೆಲ್ಲ ಅಂಗಳಕ್ಕೆ ಓಡಬೇಕು. ಆಕಾಶವನ್ನು ಅಷ್ಟು ಹೊತ್ತು, ಅಷ್ಟು ಗಮನ ಕೊಟ್ಟು ನೋಡಿದವರು ಬೇರೆ ಯಾರೂ ಇರಲಾರರು. ಆದರೆ ಆ ನೋಟದಲ್ಲಿ ವಿಹಾರವಿರಲಿಲ್ಲ, ಹಪ್ಪಳ ನೆನೆದೀತೆಂಬ ಆತಂಕವಿತ್ತು. ದಿನವಿಡೀ ಬಯಲಿನಲ್ಲೇ ಇದ್ದವರಿಗೆ ಬಯಲು ಬೇಕೆನಿಸುವುದು ಹೇಗೆ?

ಅಂಗಳ ದಾಟಿ ಕಾಡಿಗೆ ಹೋದರೆ? ಸೊರಬದ ಕಾನುಗಳು ಹೆಸರಾದವು. ಸುತ್ತ ಎಲೆ ಉದುರಿ ಬೋಳಾದ ಕಾಡಿದ್ದರೂ ಒಳಗೆ ಹಸಿರಾಗಿ, ತಂಪಾಗಿ ಉಳಿಯುವ ಆ ತುಂಡುಗಳನ್ನು ಬ್ರಿಟಿಷ್ ಕಾಲದ ಅರಣ್ಯಾಧಿಕಾರಿಗಳೂ ಬೆರಗಿನಿಂದ ವರ್ಣಿಸಿದ್ದಾರೆ. ಬಿರುಬೇಸಿಗೆಯಲ್ಲಿ ಕಾಲ ಕಳೆಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ ಎಂದು ಹೊರಗಿನವರು ಕೇಳುತ್ತಾರೆ. ಅವರಿಗೆ ಒಂದು ಹೆಸರನ್ನು ನೆನಪಿಸಬೇಕಾಗುತ್ತದೆ: ಕ್ಯಾಸನೂರು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಸೊರಬ ತಾಲ್ಲೂಕಿನ ಯಾವುದಾದರೂ ಊರು ಇದ್ದರೆ ಅದು ಇದೇ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನ ಜ್ವರ ಹಿಡಿದು ಮಲಗಿದರು, ಪುಣೆಯಿಂದ ವೈರಾಣು ತಜ್ಞರು ಬಂದರು. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಆ ಉಣುಗಿನ ಮರಿಗಳು ತರಗೆಲೆಯಲ್ಲಿ ಚುರುಕಾಗಿರುವುದು ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ. ಹಾಗಾಗಿ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇವರೆಗೆ. ಮಳೆ ಹಿಡಿದರೆ ಅದೂ ತಗ್ಗುತ್ತದೆ. ದರಕು ತರುವುದು, ಸೌದೆ ಕಡಿಯುವುದು, ದನ ಮೇಯಿಸುವುದು ನಡೆಯುವುದೂ ಅದೇ ತಿಂಗಳುಗಳಲ್ಲಿ. ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಉಣುಗು ಹತ್ತದಂತೆ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ, ಸತ್ತ ಮಂಗ ಕಂಡರೆ ಕೂಡಲೇ ತಿಳಿಸಿ ಎಂದು ಆರೋಗ್ಯ ಇಲಾಖೆಯವರು ಪ್ರತಿ ಬೇಸಿಗೆಯಲ್ಲೂ ಹೇಳುತ್ತ ಬಂದಿದ್ದಾರೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆ ಇದೇ ಕಾಯಿಲೆಯಿಂದ ತತ್ತರಿಸಿತು. ಹೊಟ್ಟೆಪಾಡಿಗೆ ಹೋಗಲೇಬೇಕಾದವರು ಹೆದರಿಕೊಂಡೇ ಹೋಗುವ ಕಾಡಿಗೆ ಗಾಳಿ ಸೇವನೆಗೆಂದು ಹೋಗುವುದು ನಮ್ಮ ಹಿರಿಯರಿಗೆ ಹುಚ್ಚಾಟವಾಗಿ ಕಂಡಿದ್ದರೆ ಅದರಲ್ಲಿ ತಪ್ಪಿಲ್ಲ.

ನೋಡುವಂಥ ಜಾಗಗಳ ವಿಷಯಕ್ಕೆ ಬಂದರೂ ನಮ್ಮ ಪಂಚಾಂಗ ತಲೆಕೆಳಗು. ಪ್ರವಾಸೋದ್ಯಮದ ಚಿತ್ರಪಟಗಳಲ್ಲಿ ಮೊರೆಯುವ ಜೋಗ, 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ, ಬೇಸಿಗೆಯಲ್ಲಿ ಬರೀ ಬಂಡೆ. ರಾಜ, ರಾಣಿ, ರೋರರ್, ರಾಕೆಟ್ ಎಂದು ಹೆಸರು ಹೇಳಿ ತೋರಿಸಲು ನೀರೇ ಇರುವುದಿಲ್ಲ. ಸೊರಬದ ಪಕ್ಕದ ಗುಡವಿ ಪಕ್ಷಿಧಾಮದಲ್ಲಿ ಹಕ್ಕಿಗಳು ಗೂಡು ಕಟ್ಟಲು ಬರುವುದು ಮಳೆ ಶುರುವಾದ ಮೇಲೆ. ಶಿಕಾರಿಪುರದ ಅಂಜನಾಪುರ ಜಲಾಶಯ ಕೋಡಿ ಬೀಳುವುದೂ ಆಗಲೇ. ಮಲೆನಾಡು ಕಣ್ಣಿಗೆ ಹಬ್ಬವಾಗುವ ಹೊತ್ತಿನಲ್ಲಿ ಶಾಲೆಗಳು ತೆರೆದಿರುತ್ತವೆ, ಗದ್ದೆಯಲ್ಲಿ ನಾಟಿ ನಡೆದಿರುತ್ತದೆ, ಹೊರಗೆ ಕಾಲಿಟ್ಟರೆ ಜಿಗಣೆ ಹತ್ತುತ್ತದೆ. ಉಳಿದದ್ದು ಚಂದ್ರಗುತ್ತಿ ಬೆಟ್ಟ. ಕದಂಬರಿಂದ ಕೆಳದಿಯವರವರೆಗೆ ಆಳಿದವರ ಕೋಟೆಯ ಅವಶೇಷ ಮೇಲಿದೆ, ಬಂಡೆಯ ಗುಹೆಯಲ್ಲಿ ರೇಣುಕಾಂಬೆ ಇದ್ದಾಳೆ. ಆದರೆ ಅದು ಗುತ್ಯಮ್ಮನ ಬೆಟ್ಟ. ಹರಕೆ ಹೊತ್ತವರು ಹತ್ತುತ್ತಾರೆ, ಜಾತ್ರೆಗೆ ಬಂದವರು ಹತ್ತುತ್ತಾರೆ. ಕೈಯಲ್ಲಿ ಹಣ್ಣುಕಾಯಿ ಇಲ್ಲದೆ ಹತ್ತುವುದು ಊರಿನವರಿಗೆ ತೋಚಿದ ಸಂಗತಿಯೇ ಅಲ್ಲ. ಹೊರಗಿನವರಿಗಂತೂ ಚಂದ್ರಗುತ್ತಿ ಎಂದರೆ 1986ರ ಬೆತ್ತಲೆ ಸೇವೆಯ ಗಲಾಟೆ, ಅದರ ಹಿಂದೆ ಬಂದ ನಿಷೇಧ ಮತ್ತು ಪತ್ರಿಕೆಗಳ ದೊಡ್ಡ ಅಕ್ಷರದ ಸುದ್ದಿ, ಅಷ್ಟೇ. ಅಷ್ಟು ಭಾರ ಹೊತ್ತ ಬೆಟ್ಟದ ಮೇಲೆ ಬುತ್ತಿ ಬಿಚ್ಚಿಕೊಂಡು ಕಾಲು ಚಾಚುವುದು ಸುಲಭವಲ್ಲ.

ಈ ಹಿನ್ನೆಲೆಯಿಂದ ಹೊರಟವರು ಬೆಂಗಳೂರನ್ನು ಹೇಗೆ ಕಂಡರು ಎಂಬುದನ್ನು ಗಮನಿಸಬೇಕು. ಒಂದು ವಿಚಿತ್ರ ಲೆಕ್ಕ ಇಲ್ಲಿ ಹೇಳಿಬಿಡುತ್ತೇನೆ. ಚಂದ್ರಗುತ್ತಿ ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 850 ಮೀಟರ್. ಬೆಂಗಳೂರಿನ ನೆಲವೇ 900 ಮೀಟರ್ ದಾಟಿದೆ. ಅಂದರೆ ರಾತ್ರಿ ಬಸ್ಸು ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದವನು, ತನಗೆ ತಿಳಿಯದೆಯೇ, ತನ್ನೂರಿನ ಬೆಟ್ಟಕ್ಕಿಂತ ಎತ್ತರಕ್ಕೆ ಬಂದಿರುತ್ತಾನೆ. ಕರಾವಳಿಯ ತೇವ ಹೊತ್ತ ನಮ್ಮ ಏಪ್ರಿಲ್‌ನ ಸೆಕೆ ಅಲ್ಲಿಲ್ಲ. ಬಿಸಿಲು ಚುರುಕಾಗಿದ್ದರೂ ನೆರಳಿಗೆ ಬಂದರೆ ಮೈ ಆರುತ್ತದೆ, ಸಂಜೆಗೆ ಗಾಳಿ ತಿರುಗುತ್ತದೆ. ನೋಡಲು ಕರೆದೊಯ್ಯುವ ಜಾಗಗಳ ಪಟ್ಟಿ ಹೆಚ್ಚುಕಮ್ಮಿ ಎಲ್ಲ ಮನೆಯವರಿಗೂ ಒಂದೇ ಆಗಿತ್ತು: ವಿಧಾನಸೌಧ, ಅದರಲ್ಲೂ ಭಾನುವಾರ ಸಂಜೆಯ ದೀಪಾಲಂಕಾರದಲ್ಲಿ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಕಬ್ಬನ್ ಪಾರ್ಕಿನ ಬಾಲಭವನ, ಅಲ್ಲಿನ ಪುಟಾಣಿ ರೈಲು, ಹಲಸೂರು ಕೆರೆಯ ದೋಣಿ, ಒಂದು ದಿನ ಪೂರ್ತಿ ಬನ್ನೇರುಘಟ್ಟ, ಇನ್ನೊಂದು ದಿನ ಲಾಲ್‌ಬಾಗು. ತಾಳಗುಪ್ಪದ ಸಣ್ಣ ಹಳಿಯ ರೈಲು ಕಂಡ ಮಕ್ಕಳಿಗೆ ಪುಟಾಣಿ ರೈಲು ಅಂಥ ಸೋಜಿಗವಾಗಿರಲಿಕ್ಕಿಲ್ಲ. ಸೋಜಿಗ ಬೇರೆ ಕಡೆ ಇತ್ತು. ಆ ರೈಲು ಹೊರಟ ಜಾಗಕ್ಕೇ ಬಂದು ನಿಲ್ಲುತ್ತಿತ್ತು. ಎಲ್ಲಿಗೂ ಹೋಗದ ರೈಲಿಗೆ ದೊಡ್ಡವರು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಹತ್ತುವುದನ್ನು ಮಕ್ಕಳು ಮೊದಲ ಬಾರಿಗೆ ನೋಡಿದ್ದರು.

ಲಾಲ್‌ಬಾಗಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ ಇಂದು 240 ಎಕರೆ. ಜನ ಅದನ್ನು ಫಲಪುಷ್ಪ ಪ್ರದರ್ಶನದ ಹೆಸರಿನಲ್ಲಿ ನೆನೆಯುತ್ತಾರೆ. ಪ್ರದರ್ಶನ ನಡೆಯುವುದು ಜನವರಿ ಮತ್ತು ಆಗಸ್ಟ್‌ನಲ್ಲಿ. ಬೇಸಿಗೆ ರಜೆಗೆ ಹೋದ ನಮ್ಮವರು ಕಂಡ ಗಾಜಿನಮನೆ ಬಹುಮಟ್ಟಿಗೆ ಖಾಲಿ. 1889ರಲ್ಲಿ ಅಡಿಗಲ್ಲು ಹಾಕಿದ ಆ ಕಟ್ಟಡದ ಎರಕದ ಕಂಬಗಳ ನಡುವೆ ಹೂವಿನ ಗೋಪುರಗಳಿರಲಿಲ್ಲ, ನೂಕುನುಗ್ಗಲಿರಲಿಲ್ಲ, ನೆರಳಿನಲ್ಲಿ ಓಡಾಡುವ ಮಕ್ಕಳಿದ್ದರು. ಎಚ್‌ಎಂಟಿಯವರ ಹೂವಿನ ಗಡಿಯಾರದ ಎದುರು ನಿಂತು ಒಂದು ಫೋಟೊ, ಬೂರುಗದ ಮರದ ಗೋಡೆಯಂಥ ಬೇರುಗಳ ಸಂದಿಯಲ್ಲಿ ಅಡಗಿ ಕೂರುವ ಆಟ, ಆಮೇಲೆ ಕೆಂಪೇಗೌಡರ ಗೋಪುರವಿರುವ ಬಂಡೆ. ಮುನ್ನೂರು ಕೋಟಿ ವರ್ಷದ ಬಂಡೆ ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಫಲಕ ಹೇಳುತ್ತದೆ. ಬಂಡೆಯ ಬುಡದಲ್ಲಿ ಸೌತೆಕಾಯಿ ಮಾರುವವರು ಸಿಪ್ಪೆ ಹೆರೆದು, ಉದ್ದಕ್ಕೆ ನಾಲ್ಕು ಸೀಳಿ, ಬುಡ ಮಾತ್ರ ಬಿಡದಂತೆ ಉಳಿಸಿ, ಸೀಳಿನೊಳಗೆ ಉಪ್ಪು-ಖಾರ ಒತ್ತಿ ಕೈಗೆ ಕೊಡುತ್ತಾರೆ. ಪಕ್ಕದ ತಟ್ಟೆಯಲ್ಲಿ ಹಾಗೆಯೇ ಖಾರ ಹಚ್ಚಿದ ತೋತಾಪುರಿ. ಹಿತ್ತಲಲ್ಲಿ ಸೌತೆ ಬಳ್ಳಿ ಹಬ್ಬಿದ್ದ, ಮಾವಿನಕಾಯಿಯನ್ನು ಹೆಡಿಗೆಗಟ್ಟಲೆ ಉಪ್ಪಿಗೆ ಹಾಕುವ ಮನೆಯ ಹೆಂಗಸು ಆ ಒಂದು ಸೌತೆಕಾಯಿಗೆ ದುಡ್ಡು ಕೊಟ್ಟು ಬಂಡೆಯ ಮೇಲೆ ಕೂತು ತಿಂದದ್ದನ್ನು ವರ್ಷಗಟ್ಟಲೆ ಹೇಳಿಕೊಳ್ಳುತ್ತಿದ್ದಳು. ಅದರ ರುಚಿಯ ಗುಟ್ಟು ದೊಡ್ಡದೇನಲ್ಲ. ಹೆಚ್ಚಿಕೊಟ್ಟವರು ಬೇರೆಯವರು.

ಮರಗಳ ವಿಷಯದಲ್ಲೂ ಈ ವ್ಯತ್ಯಾಸ ಕಾಣುತ್ತದೆ. ನಮ್ಮಲ್ಲಿ ಪ್ರತಿ ಮರದ ಮೇಲೂ ಒಬ್ಬರ ಹಕ್ಕಿದೆ, ಒಂದು ಕೆಲಸವಿದೆ. ಮತ್ತಿ, ಹೊನ್ನೆ ಸೊಪ್ಪಿಗೆ ಮತ್ತು ನಾಟಾಕ್ಕೆ, ಮುರುಗಲು ಹುಳಿಗೆ, ವಾಟೆ ಅಡುಗೆಗೆ, ಹಲಸು ಊಟಕ್ಕೆ, ಅಶ್ವತ್ಥ ಪ್ರದಕ್ಷಿಣೆಗೆ, ಭೂತನ ಕಾನಿನ ಮರವಾದರೆ ಮುಟ್ಟುವಂತೆಯೇ ಇಲ್ಲ. ಬೆಂಗಳೂರಿನ ಬೇಸಿಗೆಯನ್ನು ಬೆಳಗುವ ಮರಗಳು ಅಂಥ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಏಪ್ರಿಲ್-ಮೇನಲ್ಲಿ ಕೆಂಪಾಗಿ ಉರಿಯುವ ಗುಲ್‌ಮೊಹರ್ ಮಡಗಾಸ್ಕರಿನದು, ನೀಲಿ ಸುರಿಸುವ ಜಕರಾಂಡ ದಕ್ಷಿಣ ಅಮೆರಿಕದ್ದು, ರಸ್ತೆಗೆ ಚಪ್ಪರ ಹಾಕುವ ಮಳೆಮರವೂ ಅದೇ ಖಂಡದ ಕಡೆಯದು. ತಿನ್ನಲು ಹಣ್ಣಿಲ್ಲ, ಕೈಮುಗಿಯಲು ದೇವರಿಲ್ಲ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನ್ ತೋಟಗಾರ ಕ್ರುಂಬಿಗೆಲ್, ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಜಾತಿ ಅರಳುವಂತೆ ಬೀದಿಬೀದಿಗೆ ಮರ ಆರಿಸಿ ನೆಡಿಸಿದ. ನೆರಳು ಮತ್ತು ನೋಟ, ಇವೆರಡನ್ನು ಬಿಟ್ಟು ಆ ಮರಗಳಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಪರಿಸರ ಬಲ್ಲವರು ಇಂದು ಹೊರನಾಡಿನ ಮರಗಳ ಬಗ್ಗೆ ಆಕ್ಷೇಪ ಎತ್ತುತ್ತಾರೆ, ಅದರಲ್ಲಿ ಹುರುಳಿದೆ. ಆದರೆ ಮರದ ಕೆಳಗೆ ನಿಂತಾಗಲೆಲ್ಲ ಕತ್ತಿ, ಕೊಕ್ಕೆ, ಕಲ್ಲಿ ನೆನಪಾಗುವ ನಮ್ಮವರಿಗೆ ಏನನ್ನೂ ಕೇಳದ, ಏನನ್ನೂ ಕೊಡದ ಮರದ ಕೆಳಗೆ ನಿಲ್ಲುವುದು ಹೊಸ ಅನುಭವವಾಗಿತ್ತು ಎಂಬುದನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಈ ವಾದಕ್ಕೆ ಎದುರು ಮಾತುಗಳು ಸಾಕಷ್ಟಿವೆ. ಮೊದಲನೆಯದು ಮಕ್ಕಳ ಕಡೆಯಿಂದ ಬರುತ್ತದೆ. ಕೌಳಿ ಹಣ್ಣು, ಸಂಪಿಗೆ ಹಣ್ಣು, ನೇರಳೆ, ಬಿಕ್ಕೆ ಹುಡುಕುತ್ತ ದಿನವಿಡೀ ಹುಲ್ಲು ಬೆಳೆಯುವ ಬ್ಯಾಣ ಸುತ್ತುವುದು ಯಾವ ಕೆಲಸ? ಅದು ಶುದ್ಧ ಆಟವೇ ಅಲ್ಲವೇ? ಹೌದು, ಆಟವೇ. ಬೇಸಿಗೆಯ ನೆನಪಿನ ಬರಹಗಳೆಲ್ಲ ನಿಂತಿರುವುದು ಆ ಆಟದ ಮೇಲೆಯೇ, ಯಾಕೆಂದರೆ ಅವನ್ನು ಬರೆದವರು ಆಗ ಮಕ್ಕಳಾಗಿದ್ದರು, ಹೆಚ್ಚಿನವರು ಗಂಡುಮಕ್ಕಳು. ಆ ರಜೆ ಹುಡುಗಿಯರಿಗೆ ಹತ್ತು-ಹನ್ನೆರಡಕ್ಕೆ ಮುಗಿಯುತ್ತಿತ್ತು, ಹುಡುಗರಿಗೆ ಇನ್ನೊಂದು ನಾಲ್ಕು ವರ್ಷ. ಮೂವತ್ತು, ಐವತ್ತು ದಾಟಿದ ಮನುಷ್ಯ ಹಣ್ಣು ಹುಡುಕುತ್ತ ಬ್ಯಾಣ ಸುತ್ತಿದರೆ ಊರು ಏನನ್ನುತ್ತಿತ್ತೆಂದು ಊರಿನವರಿಗೆ ಗೊತ್ತು. ಕಬ್ಬನ್ ಪಾರ್ಕಿನಲ್ಲಿ ಬೆಳಗ್ಗೆ ಬಿರುಸಾಗಿ ನಡೆಯುವವರೂ, ಮಧ್ಯಾಹ್ನ ಪತ್ರಿಕೆ ಮುಖಕ್ಕೆ ಮುಚ್ಚಿ ಹುಲ್ಲಿನ ಮೇಲೆ ಮಲಗುವವರೂ ದೊಡ್ಡವರು. ಇದೇ ಜಾಡಿನ ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಊರಿನಲ್ಲಿ ಅರಳಿಕಟ್ಟೆ ಇರಲಿಲ್ಲವೇ, ದೊಡ್ಡವರೇ ಅಲ್ಲಿ ಕೂರುತ್ತಿರಲಿಲ್ಲವೇ? ಕೂರುತ್ತಿದ್ದರು. ಯಾರು ಎಂಬುದಷ್ಟೇ ಪ್ರಶ್ನೆ. ಗಂಡಸರು ಕೂರುತ್ತಿದ್ದರು, ಅದರಲ್ಲೂ ಕೂರಬಹುದಾದ ಜಾತಿಯವರು. ಕಟ್ಟೆಯ ಮೇಲೆ ಯಾರು, ಕೆಳಗೆ ಯಾರು, ದೂರ ನಿಲ್ಲುವವರು ಯಾರು ಎಂಬುದು ಮೊದಲೇ ನಿರ್ಧಾರವಾಗಿರುತ್ತಿತ್ತು. ಹೆಣ್ಣುಮಗಳೊಬ್ಬಳು ಸಂಜೆ ಹೋಗಿ ಕಟ್ಟೆಯ ಮೇಲೆ ಒಂದು ಗಳಿಗೆ ಸುಮ್ಮನೆ ಕೂತಳೆಂಬ ಸುದ್ದಿ ಯಾವ ಊರಿನಲ್ಲಿ ಕೇಳಿದ್ದೇವೆ? ಪಾರ್ಕಿನ ಸಿಮೆಂಟು ಬೆಂಚಿಗೆ ಆ ಲೆಕ್ಕಾಚಾರ ಗೊತ್ತಿಲ್ಲ. ನಗರದಲ್ಲಿ ಜಾತಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಬಾಡಿಗೆ ಮನೆ ಕೇಳಲು ಹೋದವರಿಗೆ ಅದು ಎಲ್ಲಿದೆಯೆಂದು ಗೊತ್ತು. ಬೆಂಚಿನ ಪಕ್ಕದಲ್ಲಿ ಕೂತವನಿಗೆ ನಮ್ಮ ಮನೆತನ ಗೊತ್ತಿಲ್ಲ ಎಂಬಷ್ಟೇ ಬಿಡುಗಡೆ. ಅದು ಸಣ್ಣ ಬಿಡುಗಡೆಯೇನಲ್ಲ.

ಜಾತ್ರೆ, ಬಯಲಾಟಗಳನ್ನು ಮರೆತಿರಲ್ಲ ಎಂಬುದು ಇನ್ನೊಂದು ಆಕ್ಷೇಪ. ಬೇಸಿಗೆ ನಮ್ಮಲ್ಲಿ ಆಟದ ಕಾಲ ನಿಜ. ಶಿರಸಿಯ ಮಾರಿಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ ಬರುತ್ತವೆ, ಚಂದ್ರಗುತ್ತಿಗೂ ಅದರದೇ ಜಾತ್ರೆಯಿದೆ. ಯಕ್ಷಗಾನ ಮೇಳಗಳು ಮಳೆ ಹಿಡಿಯುವವರೆಗೂ ತಿರುಗುತ್ತವೆ. ರಾತ್ರಿಯಿಡೀ ಬಯಲಿನಲ್ಲಿ ಕೂತು ಆಟ ನೋಡಿದವರಿಗೆ ಬಯಲ ಸುಖ ಗೊತ್ತಿರಲಿಲ್ಲವೆಂದರೆ ಒಪ್ಪುವುದು ಹೇಗೆ? ಒಪ್ಪಬೇಕಾಗಿಲ್ಲ. ಆದರೆ ಜಾತ್ರೆಗೆ ತಿಥಿಯಿದೆ, ಆಟಕ್ಕೆ ಕರಪತ್ರವಿದೆ. ಆ ದಿನ ಹೋಗದಿದ್ದರೆ ದೇವರಿಗೋ ನೆಂಟರಿಗೋ ಸಮಾಧಾನ ಹೇಳಬೇಕು. ಬೆಂಗಳೂರಿಗೂ ಅಂಥ ತಿಥಿಯ ಬೇಸಿಗೆಯಿದೆ: ಚೈತ್ರ ಹುಣ್ಣಿಮೆಗೆ ಧರ್ಮರಾಯನ ಗುಡಿಯಿಂದ ಹೊರಡುವ ಕರಗ, 1939ರಿಂದ ಚಾಮರಾಜಪೇಟೆಯಲ್ಲಿ ರಾಮಸೇವಾ ಮಂಡಳಿ ನಡೆಸಿಕೊಂಡು ಬಂದಿರುವ ರಾಮೋತ್ಸವ ಕಚೇರಿಗಳು, ಕೋಟೆ ಹೈಸ್ಕೂಲು ಮೈದಾನದ ಚಪ್ಪರ, ಪಾನಕ, ಕೋಸಂಬರಿ. ಅವುಗಳ ಸೊಗಸೇ ಬೇರೆ, ಅವಕ್ಕೆ ನಮ್ಮ ಜಾತ್ರೆಯ ನೆಂಟಸ್ತಿಕೆಯಿದೆ. ನಾನು ಹೇಳುತ್ತಿರುವುದು ಬರೀ ಮಂಗಳವಾರದ, ಹಬ್ಬವಿಲ್ಲದ, ಕಾರಣವಿಲ್ಲದ ಸಂಜೆಯ ಬಗ್ಗೆ. ಅಂಥ ಸಂಜೆಯನ್ನು ಹೊರಗೆ ಕಳೆಯಲು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇವತ್ತಿಗೂ ಇರುವ ಜಾಗವೆಂದರೆ ಬಸ್‌ಸ್ಟ್ಯಾಂಡು.

ನಗರದ ಈ ಸುಖ ಬಿಟ್ಟಿಯಾಗಿ ಬಂದದ್ದಲ್ಲ, ಅದರ ಹಿಂದೆ ಇನ್ನೊಬ್ಬರ ಬೆವರಿದೆ ಎಂದು ಎಡಪಂಥದ ಗೆಳೆಯರು ಹೇಳುತ್ತಾರೆ. ಸರಿಯಾದ ಮಾತು. 1870ರಲ್ಲಿ ಬ್ರಿಟಿಷ್ ಎಂಜಿನಿಯರ್ ಸ್ಯಾಂಕಿ ಕಬ್ಬನ್ ಪಾರ್ಕಿನ ನಕ್ಷೆ ಹಾಕಿದ್ದು ದಂಡಿನ ದೊರೆಗಳು ಗಾಳಿ ಸೇವಿಸಲಿ ಎಂದು. ಸೊರಬದ ರೈತನಿಗಾಗಿ ಅಲ್ಲ. ಕರಗ ಹೊರುವ ತಿಗಳ ಸಮುದಾಯದವರೇ ಬೆಂಗಳೂರಿನ ತೋಟಗಳನ್ನು ತಲೆಮಾರುಗಳಿಂದ ಅಗೆದು, ನೀರೆರೆದು ಬೆಳೆಸಿದವರು. ಲಾಲ್‌ಬಾಗಿನ ಹುಲ್ಲುಹಾಸಿಗೆ ಮೇ ಬಿಸಿಲಿನಲ್ಲಿ ಕೊಳವೆ ಹಿಡಿದು ನೀರು ಬಿಡುವವನಿಗೆ ಆ ಬಯಲು ಕೆಲಸದ ಬಯಲೇ. ಆದರೆ ಈ ಆಕ್ಷೇಪವನ್ನು ಕೊನೆಯವರೆಗೆ ಒಯ್ದರೆ ಅದು ನನ್ನ ಕಡೆಗೇ ವಾಲುತ್ತದೆ. ವಿರಾಮದ ಬಯಲೆಂಬುದು ತಾನಾಗಿ ಬೆಳೆದ ಕಾಡಿನ ಹಾಗಲ್ಲ. ಜಾಗ ಬಿಟ್ಟು, ಸಂಬಳ ಕೊಟ್ಟು, ಬೇಲಿ ಹಾಕಿ, ಬಾಗಿಲು ತೆರೆದಿಟ್ಟು ಮಾಡಬೇಕಾದದ್ದು. ದೊರೆಗಳಿಗಾಗಿ ಮಾಡಿದ್ದು ಕಾಲ ಕಳೆದಂತೆ ಎಲ್ಲರದೂ ಆಯಿತು. ಇವತ್ತು ಭಾನುವಾರ ಮಧ್ಯಾಹ್ನ ಕಬ್ಬನ್ ಪಾರ್ಕಿನ ಬಿದಿರ ಮೆಳೆಗಳ ಹತ್ತಿರ ಗುಂಪುಗುಂಪಾಗಿ ಕೂತವರ ಮಾತಿಗೆ ಕಿವಿಗೊಟ್ಟರೆ ಕರ್ನಾಟಕದ ಅಷ್ಟೂ ಸೀಮೆಯ ಕನ್ನಡ ಕೇಳುತ್ತದೆ: ಹೋಟೆಲಿನಲ್ಲಿ ದುಡಿಯುವ ಹುಡುಗರು, ಗಾರ್ಮೆಂಟ್ಸ್ ಹುಡುಗಿಯರು, ಸೆಕ್ಯುರಿಟಿ ಕೆಲಸದವರು, ಪಿಜಿಯಲ್ಲಿರುವವರು. ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ ಇರುವವರಿಗೆ ಕಾಲು ಚಾಚಲು ನಗರದಲ್ಲಿ ಇರುವ ಜಗುಲಿ ಅದೊಂದೇ. 2005ರಲ್ಲಿ ಬಿಡದಿಯ ಬಳಿ ವಂಡರ್‌ಲಾ ಬಂದ ಮೇಲೆ ಬೇಸಿಗೆ ಎಂದರೆ ನೀರಾಟದ ಪಾರ್ಕು ಎಂದಾಯಿತು. ಚೆನ್ನಾಗಿದೆ, ಮಕ್ಕಳು ಕುಣಿಯುತ್ತಾರೆ. ತಲೆಗಿಷ್ಟು ಎಂದು ಟಿಕೆಟ್ ಕೊಟ್ಟವರಿಗೆ ದುಡ್ಡು ವಸೂಲಾಗುವವರೆಗೂ ಆಡಲೇಬೇಕಾದ ಅವಸರ ಮಾತ್ರ ಅಲ್ಲಿರುತ್ತದೆ. ಅದೂ ಒಂಥರ ಡ್ಯೂಟಿಯೇ.

ಬೆಂಗಳೂರು ಈಗ ಆ ಬೆಂಗಳೂರಾಗಿ ಉಳಿದಿಲ್ಲ ಎಂಬ ಮಾತಿಗೆ ಮಾತ್ರ ಎದುರಾಡುವುದು ಕಷ್ಟ. 2016ರ ಏಪ್ರಿಲ್‌ನಲ್ಲಿ ನಗರದ ತಾಪಮಾನ 39.2 ಡಿಗ್ರಿ ಮುಟ್ಟಿತು. 2024ರ ಏಪ್ರಿಲ್ ಮಳೆಯಿಲ್ಲದೆ ಕಳೆಯಿತು; ಅದೇ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ನೀರಿನ ಟ್ಯಾಂಕರಿಗಾಗಿ ಜನ ಕಾದರು. ಮಾವಿನ ಮಳೆಯನ್ನು ನೆಚ್ಚಿಕೊಂಡಿದ್ದ ಊರಿಗೆ ಇದು ಹೊಸ ಬೇಸಿಗೆ. ರಸ್ತೆ ಅಗಲವಾದಂತೆಲ್ಲ ಕ್ರುಂಬಿಗೆಲ್ ಕಾಲದ ಮರಗಳು ಉರುಳಿದವು. ಹಾಗಾದರೆ ನಾನು ಇಲ್ಲದ ಊರನ್ನು ಹೊಗಳುತ್ತಿದ್ದೇನೆಯೇ? ಬಿಸಿಲು ಏರಿದಷ್ಟೂ ಉಳಿದ ನೆರಳಿನ ಬೆಲೆ ಏರಿದೆ ಎಂಬುದು ಜನರ ನಡವಳಿಕೆಯಲ್ಲೇ ಕಾಣುತ್ತದೆ. ಚಾಲುಕ್ಯ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಕಟ್ಟಲು ಎಂಟುನೂರಕ್ಕೂ ಹೆಚ್ಚು ಮರ ಕಡಿಯಬೇಕೆಂದಾಗ, 2016ರ ಅಕ್ಟೋಬರಿನಲ್ಲಿ ಸಾವಿರಾರು ಜನ ಕೈಕೈ ಹಿಡಿದು ರಸ್ತೆ ಬದಿಯಲ್ಲಿ ನಿಂತರು. ಮರು ವರ್ಷ ಸರ್ಕಾರ ಯೋಜನೆ ಕೈಬಿಟ್ಟಿತು. 2025ರಲ್ಲಿ ಸುರಂಗ ರಸ್ತೆಯ ನಕ್ಷೆ ಲಾಲ್‌ಬಾಗಿನ ಅಂಚಿಗೆ ಬಂದಾಗಲೂ ಜನ ತೋಟದಲ್ಲೇ ಸೇರಿ ದನಿ ಎತ್ತಿದರು. ಹಣ್ಣು ಕೊಡದ, ಸೊಪ್ಪು ಕೊಡದ ಮರಕ್ಕಾಗಿ ಮನುಷ್ಯ ಬೀದಿಗಿಳಿಯುತ್ತಾನೆ ಎಂಬುದನ್ನು ಹಿಂದಿನ ಮಲೆನಾಡಿಗರು ನಂಬುತ್ತಿರಲಿಲ್ಲ. ನಮ್ಮ ಕಡೆ ಕಾನು ಉಳಿಸಿ ಎಂಬ ಕೂಗಿಗೆ ನೀರು, ಜೇನು, ಮೆಣಸು, ದೇವರು ಎಂದು ಕಾರಣ ಕೊಡಬೇಕಾಗುತ್ತದೆ. ಅಲ್ಲಿ ಕೂರಲು ನೆರಳು ಬೇಕು ಎಂಬ ಒಂದೇ ಕಾರಣ ಸಾಕಾಯಿತು.

ಈಚೆಗೆ ಗಾಳಿ ತಿರುಗಿದೆಯಲ್ಲ, ಬೆಂಗಳೂರಿನವರೇ ಬೇಸಿಗೆ ಕಳೆಯಲು ಮಲೆನಾಡಿನ ಹೋಂಸ್ಟೇಗಳಿಗೆ ಬರುತ್ತಿದ್ದಾರಲ್ಲ ಎನ್ನುವವರಿದ್ದಾರೆ. 2011ರಲ್ಲಿ ತಾಳಗುಪ್ಪದವರೆಗೆ ಬ್ರಾಡ್‌ಗೇಜ್ ಬಂದ ಮೇಲಂತೂ ರಾತ್ರಿ ಅಲ್ಲಿ ಮಲಗಿ ಬೆಳಗ್ಗೆ ಇಲ್ಲಿ ಏಳಬಹುದು. ಬರುವವರು ಬನವಾಸಿ ನೋಡುತ್ತಾರೆ, ಚಂದ್ರಗುತ್ತಿಯ ಕೋಟೆಗೆ ಹಣ್ಣುಕಾಯಿ ಇಲ್ಲದೆಯೇ ಹತ್ತುತ್ತಾರೆ, ಬಂಡೆಯ ಮೇಲೆ ಕಾಲು ಚಾಚುತ್ತಾರೆ. ಒಳ್ಳೆಯದೇ. ನಾವು ಅವರ ಪಾರ್ಕಿನಲ್ಲಿ ಕಲಿತದ್ದನ್ನು ಅವರು ನಮ್ಮ ಬೆಟ್ಟದ ಮೇಲೆ ಮಾಡಿ ತೋರಿಸುತ್ತಿದ್ದಾರೆ. ಆದರೆ ಹೋಂಸ್ಟೇಯ ಜಗುಲಿಯಲ್ಲಿ ಅತಿಥಿಗಳು ಹಲಸಿನ ಹಪ್ಪಳ ಮೆಲ್ಲುತ್ತ ಕೂತಿರುವಾಗ ಅದನ್ನು ಕರಿಯುತ್ತಿರುವವಳು ಮನೆಯಾಕೆ. ನಸುಕಿನಲ್ಲಿ ಎದ್ದು ಒತ್ತಿದವಳೂ ಅವಳೇ. ರಜೆಯ ಮೇಲೆ ಬಂದವರು ಹೆಚ್ಚಾದಷ್ಟೂ ಅವಳ ಬೇಸಿಗೆಯ ಕೆಲಸ ಹೆಚ್ಚಾಗಿದೆ. ಆಕೆಯ ಕೈಗೆ ದುಡ್ಡು ಬಂತು ಎಂಬುದು ಸಣ್ಣ ಮಾತಲ್ಲ, ಅದನ್ನು ಹಗುರ ಮಾಡುವುದಿಲ್ಲ. ಆದರೂ ಸೊರಬದಲ್ಲೋ ಶಿಕಾರಿಪುರದಲ್ಲೋ ಕೆರೆ ಏರಿಯ ಮೇಲೆ ನಾಲ್ಕು ನೆರಳಿನ ಮರ, ನಾಲ್ಕು ಬೆಂಚು, ಸಂಜೆ ಆರರ ನಂತರ ಒಂದು ದೀಪ, ಒಂದು ಶೌಚಾಲಯ ಬೇಕೆಂದು ಕೇಳಿದರೆ, ಮಲೆನಾಡಿನವರಿಗೆ ಅದೆಲ್ಲ ಯಾಕೆ, ಮನೆಯ ಸುತ್ತ ಕಾಡೇ ಇದೆಯಲ್ಲ ಎಂಬ ಹಳೆಯ ಉತ್ತರವೇ ಬರುತ್ತದೆ. ಸದ್ಯಕ್ಕಂತೂ ಹಪ್ಪಳ ಒತ್ತುವ ಆ ಮನೆಯಾಕೆ ಬೆಂಗಳೂರಿಗೆ ಹೋಗುವುದು ಮಗಳ ಬಾಣಂತನಕ್ಕೆ. ಅಲ್ಲಿಯೂ ಕೆಲಸ ತಪ್ಪಿದ್ದಲ್ಲ. ಮೂರನೆಯ ತಿಂಗಳ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಸಂಜೆ ಪಾರ್ಕಿಗೆ ಹೋಗಿಬರಲು ಬಿಡುವು ಸಿಗುತ್ತದೆ.